ಶಾರ್ಟ್ಸ್ ಆಟೋಮೇಷನ್ ಮಾಡಿಕೊಡ್ತೀವಿ ಅನ್ನೋರಿಗೆ ಚಾನೆಲ್ ಕೊಡೋ ಮುಂಚೆ ಇದನ್ನು ಓದಿ

ಕನ್ನಡದಲ್ಲಿ ಶಾರ್ಟ್ಸ್, ರೀಲ್ಸ್ ಮಾಡುವವರಿಗೆ ಈಗ ಒಂದೇ ಥರದ ಜಾಹೀರಾತು ಬೆನ್ನು ಹತ್ತಿದೆ. ಮುಖ ತೋರಿಸಬೇಕಾಗಿಲ್ಲ, ಧ್ವನಿ ಕೊಡಬೇಕಾಗಿಲ್ಲ, ಎಐ ಎಲ್ಲಾ ಮಾಡುತ್ತೆ, ನೀವು ಮಲಗಿದ್ದಾಗ ವಿಡಿಯೋ ಅಪ್‌ಲೋಡ್ ಆಗುತ್ತೆ, ದುಡ್ಡು ಬರುತ್ತೆ. ಅಂಥವರೊಬ್ಬರಿಗೆ 18,000 ರೂಪಾಯಿ ಕೊಟ್ಟು ನನ್ನ ಚಾನೆಲ್‌ಗೆ ಸೆಟಪ್ ಮಾಡಿಸಿದೆ. ಹೆಸರು ಬರೆಯುತ್ತಿಲ್ಲ. ಒಬ್ಬರ ಹೆಸರು ಹೇಳಿ ಪ್ರಯೋಜನ ಇಲ್ಲ, ಇದೇ ಸರಕನ್ನು ಬೇರೆ ಬೇರೆ ಹೆಸರಲ್ಲಿ ಎಷ್ಟೋ ಜನ ಮಾರುತ್ತಿದ್ದಾರೆ.

ನನ್ನದು ನಮ್ಮ ನಾಡಿನ ದೇವಸ್ಥಾನ, ಕೋಟೆ, ಶಾಸನಗಳ ಬಗ್ಗೆ ಇರುವ ಚಾನೆಲ್. ದೊಡ್ಡದೇನಲ್ಲ. ಆದರೆ ಎಲ್ಲಾ ನನ್ನದೇ ಧ್ವನಿ, ಬಹಳಷ್ಟು ನಾನೇ ಹೋಗಿ ತೆಗೆದ ದೃಶ್ಯ, ಮಾನಿಟೈಸ್ ಕೂಡ ಆಗಿತ್ತು, ಅಂದ್ರೆ ಜಾಹೀರಾತಿನ ದುಡ್ಡು ಬರುತ್ತಿತ್ತು.

ಅವರು ಮಾಡಿಕೊಟ್ಟಿದ್ದು ಇಷ್ಟು. ಗೂಗಲ್ ಶೀಟ್‌ನಲ್ಲಿ ವಿಷಯಗಳ ಪಟ್ಟಿ, ಅದನ್ನು ಎನ್‌ಎಯ್ಟ್‌ಎನ್ (n8n) ಅನ್ನುವ ಟೂಲ್ ಒಂದೊಂದಾಗಿ ಎತ್ತಿಕೊಂಡು ಚಾಟ್‌ಜಿಪಿಟಿಗೆ ಕೊಡುತ್ತೆ, ಅದು ಸ್ಕ್ರಿಪ್ಟ್ ಬರೆಯುತ್ತೆ, ಇನ್ನೊಂದು ಟೂಲ್ ಅದನ್ನು ಓದುತ್ತೆ, ಮತ್ತೊಂದು ದೃಶ್ಯ ಹುಟ್ಟಿಸುತ್ತೆ, ಎಲ್ಲಾ ಸೇರಿಸಿ ಅಕ್ಷರ ಅಂಟಿಸಿ ಯೂಟ್ಯೂಬ್‌ಗೆ ಹಾಕುತ್ತೆ. ಇಷ್ಟರಲ್ಲಿ ಮೋಸ ಏನಿಲ್ಲ, ಕೆಲಸ ಮಾಡುತ್ತೆ. ಹಂತಗಳನ್ನು ಹೀಗೆ ಪೋಣಿಸಿದ ಇಂಥ ವರ್ಕ್‌ಫ್ಲೋ ಫೈಲ್‌ಗಳು ನೆಟ್‌ನಲ್ಲಿ ಬಿಟ್ಟಿಯಾಗಿಯೇ ಸಿಗುತ್ತವೆ ಅನ್ನೋದು ಬೇರೆ ಮಾತು. ತೊಂದರೆ ಶುರುವಾಗೋದು ಇದು ಯಾರ ಸರ್ವರ್‌ನಲ್ಲಿ ಓಡುತ್ತೆ, ಎಪಿಐ ಕೀಗಳು (ಆ ಟೂಲ್‌ಗಳನ್ನು ನಮ್ಮ ಖಾತೆಯ ಲೆಕ್ಕದಲ್ಲಿ ಬಳಸಲು ಬಿಡುವ ಗುಪ್ತ ಸಂಕೇತಗಳು) ಯಾರ ಹತ್ತಿರ ಇವೆ, ಪಬ್ಲಿಷ್ ಆಗುವ ಮುಂಚೆ ಯಾರಾದ್ರೂ ನೋಡ್ತಾರಾ ಅನ್ನುವಲ್ಲಿ.

ಮೊದಲ ವಿಡಿಯೋಗಳು ಅಪ್‌ಲೋಡ್ ಆದವು, ಆದರೆ ಎಲ್ಲವೂ ಪ್ರೈವೇಟ್. ಪಬ್ಲಿಕ್ ಮಾಡಲು ಹೋದರೆ ಲಾಕ್. ಕೇಳಿದರೆ 'ಹೊಸ ಸೆಟಪ್ ಅಲ್ವಾ ಸಾರ್, ಟೈಮ್ ತಗೊಳ್ಳುತ್ತೆ' ಅಂದರು. ಸುಳ್ಳು. 2020ರ ಜುಲೈ 28ರ ನಂತರ ಶುರುವಾದ, ಯೂಟ್ಯೂಬ್ ಪರಿಶೀಲನೆ ಆಗದ ಎಪಿಐ ಪ್ರಾಜೆಕ್ಟ್‌ನಿಂದ (ಬೇರೆ ಟೂಲ್ ಯೂಟ್ಯೂಬ್ ಜೊತೆ ಕೆಲಸ ಮಾಡಲು ಗೂಗಲ್‌ನಲ್ಲಿ ಮಾಡಿಕೊಳ್ಳುವ ನೋಂದಣಿ) ಹಾಕಿದ ವಿಡಿಯೋ ಪ್ರೈವೇಟ್ ಆಗಿಯೇ ಉಳಿಯುತ್ತೆ, ಅದು ನಿಯಮ. ಕಾದರೆ ಬಿಡುವುದಿಲ್ಲ. ಇದು ದಿನಾ ಇದೇ ಕೆಲಸ ಮಾಡುವವರಿಗೆ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ. ಕೊನೆಗೆ ಅವರು ಕೊಟ್ಟ ಪರಿಹಾರ: 'ನಮ್ಮ ಆ್ಯಪ್ ಅಪ್ರೂವ್ ಆಗಿದೆ, ಅದರಲ್ಲಿ ಲಾಗಿನ್ ಆಗಿ ಅಲೋ ಒತ್ತಿ, ಹಾಗೇ ಚಾನೆಲ್‌ಗೆ ನಮ್ಮನ್ನು ಮ್ಯಾನೇಜರ್ ಮಾಡಿ.' ಈ ಅಲೋ (ಅನುಮತಿ ಕೊಡುವ) ಬಟನ್ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇನ್ನೊಂದು ತಮಾಷೆ ಕೇಳಿ. ವಾರಕ್ಕೊಮ್ಮೆ ಶೀಟ್ ಮತ್ತು ಡ್ರೈವ್‌ನ ಕನೆಕ್ಷನ್ ಕಡಿದು ಹೋಗುತ್ತಿತ್ತು, ಅದನ್ನು ಸರಿಮಾಡಲು ಪ್ರತಿ ಸಲ 'ಮೇಂಟೆನೆನ್ಸ್' ಚಾರ್ಜು. ಕಾರಣ ಏನಪ್ಪಾ ಅಂದ್ರೆ ಅವೆರಡೂ ಇನ್ನೂ ನನ್ನ ಗೂಗಲ್ ಕ್ಲೌಡ್ ಪ್ರಾಜೆಕ್ಟ್ (ಮೇಲೆ ಹೇಳಿದ ಆ ಪರಿಶೀಲನೆ ಆಗದ ನೋಂದಣಿ) ಮೂಲಕವೇ ಓಡುತ್ತಿದ್ದವು, ಅದನ್ನು ಅವರು 'ಟೆಸ್ಟಿಂಗ್' ಸ್ಥಿತಿಯಲ್ಲೇ ಬಿಟ್ಟಿದ್ದರು. ಆ ಸ್ಥಿತಿಯಲ್ಲಿ ಇಂಥ ಲಾಗಿನ್ ಅನುಮತಿ 7 ದಿನಕ್ಕೆ ತಾನಾಗಿ ಮುಗಿಯುತ್ತೆ. ಒಂದು ಸೆಟ್ಟಿಂಗ್ ಸರಿಯಾಗಿ ಮಾಡಿದ್ದರೆ ಮುಗಿದುಹೋಗುವ ಕೆಲಸವನ್ನು ಸಂಬಳದ ಥರ ವಾರವಾರ ವಸೂಲಿ ಮಾಡಿದರು.

ವಿಡಿಯೋಗಳ ಗುಣಮಟ್ಟದ ಬಗ್ಗೆ ಹೇಳಲೇಬೇಕು. ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು ಕೃಷ್ಣದೇವರಾಯ ಕಟ್ಟಿಸಿದ ಅಂತ ಒಂದು ವಿಡಿಯೋ ಹೋಯಿತು. ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ, ಇದು ಶಾಲೆ ಮಕ್ಕಳಿಗೂ ಗೊತ್ತು. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಎಐ ಎತ್ತರದ ಗೋಪುರ ಏರಿಸಿ, ಬಳಪದ ಕಲ್ಲಿನ ಕೆತ್ತನೆಯನ್ನೆಲ್ಲ ಬಿಳಿ ಅಮೃತಶಿಲೆ ಮಾಡಿ ಕೂರಿಸಿತ್ತು. ಅಲ್ಲಿ ಶಿಖರವೇ ಇಲ್ಲ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ. 'ಸಾರ್, ನೀವು ಹಳೇಬೀಡಿಗೆ ಯಾವತ್ತಾದ್ರೂ ಹೋಗಿದ್ದೀರಾ?' ಅಂತ ಒಬ್ಬರು ಕೇಳಿದ್ದರು. ಹಳೆಯ ನೋಡುಗರು ಅವರು, ನನ್ನ ಹಳೇಬೀಡಿನ ವಿಡಿಯೋವನ್ನೇ ನೋಡಿದ್ದವರು. ಏನಂತ ಉತ್ತರ ಕೊಡೋದು? ಧ್ವನಿಯೋ, 'ಕ್ರಿ.ಶ.' ಬಂದ ಕಡೆ ಕ್ರಿ ಅಂತ ನಿಂತು, ಉಸಿರು ಬಿಟ್ಟು, ಆಮೇಲೆ ಶ ಅನ್ನುತ್ತಿತ್ತು, ಇಸವಿಯನ್ನು ಒನ್ ಒನ್ ಒನ್ ಸೆವೆನ್ ಅಂತ ಓದುತ್ತಿತ್ತು. ನಿಜದಂತೆ ಕಾಣುವ ಎಐ ದೃಶ್ಯ ಇದ್ದರೆ ಅಪ್‌ಲೋಡ್ ಮಾಡುವಾಗ ಹಾಗಂತ ತಿಳಿಸಬೇಕು ಅನ್ನುವ ನಿಯಮ ಯೂಟ್ಯೂಬ್‌ನಲ್ಲಿ 2024ರಿಂದಲೇ ಇದೆ. ಇವರ ವರ್ಕ್‌ಫ್ಲೋದಲ್ಲಿ ಅದರ ಸುಳಿವೂ ಇರಲಿಲ್ಲ.

ದೂರು ಹೇಳಿದಾಗೆಲ್ಲ ಅವರ ಉತ್ತರ ಒಂದೇ, ವ್ಯೂಸ್ ಸ್ಕ್ರೀನ್‌ಶಾಟ್. ನಿಜ, ವ್ಯೂಸ್ ಏರಿತ್ತು. ಆದರೆ 2025ರ ಮಾರ್ಚ್ 31ರಿಂದ ಶಾರ್ಟ್ ಶುರುವಾದರೆ ಸಾಕು, ಬೆರಳಲ್ಲಿ ತಳ್ಳಿ ಮುಂದೆ ಹೋದರೂ ಅದು ಒಂದು ವ್ಯೂ. ದುಡ್ಡಿಗೂ ಮಾನಿಟೈಸೇಷನ್ ಅರ್ಹತೆಗೂ ಲೆಕ್ಕಕ್ಕೆ ಬರೋದು 'ಎಂಗೇಜ್ಡ್ ವ್ಯೂಸ್' (ತಳ್ಳಿ ಹೋಗದೆ ನಿಂತು ನೋಡಿದ ವ್ಯೂಸ್) ಮಾತ್ರ, ಅದು ಸ್ಟುಡಿಯೋ ಅನಲಿಟಿಕ್ಸ್ ಒಳಗೆ ಬೇರೆಯಾಗಿ ಸಿಗುತ್ತೆ. ಮಾರುವವರು ಅದನ್ನು ಯಾಕೆ ತೋರಿಸಲ್ಲ ಅಂತ ಈಗ ಅರ್ಥ ಆಯ್ತಲ್ವಾ? ಹೊಸಬರಿಗೆ ಹೇಳುವುದಾದರೆ, ಶಾರ್ಟ್ಸ್‌ ವ್ಯೂಸ್ ಲೆಕ್ಕದ ಮೇಲೆಯೇ ಜಾಹೀರಾತಿನ ಪಾಲಿಗೆ ಅರ್ಹತೆ ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆ 90 ದಿನದಲ್ಲಿ ಇಂಥ 1 ಕೋಟಿ ವ್ಯೂಸ್ ಬೇಕು. ನಿಮಗೆ ಬರುವ ಪಾಲು, ನಿಮ್ಮ ಲೆಕ್ಕಕ್ಕೆ ಹಂಚಿಕೆಯಾದ ಹಣದಲ್ಲಿ 45 ಶೇಕಡಾ.

ಆಮೇಲೆ ಬಿಲ್ಲು. ನನ್ನ ಎಪಿಐ ಕೀಗಳು, ಅವರ ಸರ್ವರ್. ಒಂದು ರಾತ್ರಿ ವಿಡಿಯೋ ಜೋಡಿಸುವ ಹಂತ ಕೆಟ್ಟು, ವರ್ಕ್‌ಫ್ಲೋ ಮತ್ತೆ ಮೊದಲಿಂದ ಶುರು ಮಾಡಿ, ಅದೇ ದೃಶ್ಯಗಳನ್ನು ಮತ್ತೆ ಮತ್ತೆ ಹುಟ್ಟಿಸಿತ್ತು. ವಿಡಿಯೋ ಮಾಡುವ ಎಐಗೆ ಸೆಕೆಂಡ್ ಲೆಕ್ಕದಲ್ಲಿ ದುಡ್ಡು. ಬೆಳಿಗ್ಗೆ ನೋಡಿದರೆ ಸೆಟಪ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಬಿಲ್ಲು ಬಂದಿತ್ತು. ಗೂಗಲ್ ಕ್ಲೌಡ್‌ನಲ್ಲಿ ಬಜೆಟ್ ಹಾಕಿದ್ದೀವಿ ಅಂತ ಅವರು ಧೈರ್ಯ ಹೇಳಿದ್ದರು. ಆ ಬಜೆಟ್ ಮೇಲ್ ಕಳಿಸುತ್ತೆ ಅಷ್ಟೇ, ಖರ್ಚು ನಿಲ್ಲಿಸಲ್ಲ. ಸಾಧ್ಯವಿದ್ದ ಕಡೆ ಮುಂಗಡ ಕ್ರೆಡಿಟ್ ಹಾಕಿ ಬಳಸಿ, ಆಟೋ ರೀಚಾರ್ಜ್ ಆಫ್ ಮಾಡಿ.

ಕೊನೆಗೆ ಬಂದಿದ್ದು ಎಲ್ಲಕ್ಕಿಂತ ದೊಡ್ಡ ಏಟು, ಮಾನಿಟೈಸೇಷನ್ ರದ್ದು. ಕಾರಣ 'ಇನ್‌ಆಥೆಂಟಿಕ್ ಕಂಟೆಂಟ್'. ಹಳೆಯ 'ರಿಪಿಟಿಷಸ್' (ಪುನರಾವರ್ತನೆ) ನಿಯಮಕ್ಕೇ 2025ರ ಜುಲೈ 15ರಿಂದ ಈ ಹೆಸರು. ಎಐ ಬಳಸಿದ್ದೇ ತಪ್ಪು ಅಂತ ಅದರಲ್ಲಿಲ್ಲ. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತೆಗೆದ ವಿಡಿಯೋಗೆ ದುಡ್ಡಿಲ್ಲ ಅಂತ ಇದೆ. ಆದರೆ ಯೂಟ್ಯೂಬ್‌ನವರು ನೋಡೋದು ಇಡೀ ಚಾನೆಲ್ಲನ್ನು, ಹಾಗಾಗಿ ನಾನು ಬಿಸಿಲಲ್ಲಿ ಬಾದಾಮಿ ಗುಡ್ಡ ಹತ್ತಿ ತೆಗೆದ ವಿಡಿಯೋಗಳ ಆದಾಯವೂ ಅದರ ಜೊತೆಗೇ ನಿಂತುಹೋಯಿತು. ಇದೇ ಸ್ಥಿತಿ ನಿಮಗೆ ಬಂದರೆ ಮೇಲ್ಮನವಿಗೆ 21 ದಿನ ಸಮಯ ಇದೆ, ನೀವು ಹೇಗೆ ವಿಡಿಯೋ ಮಾಡುತ್ತೀರಿ ಅಂತ ತೋರಿಸುವ ವಿಡಿಯೋ ಮಾಡಿ ಕಳಿಸಬಹುದು. ಮತ್ತೆ ಅರ್ಜಿ ಹಾಕಲು 90 ದಿನ ಕಾಯಬೇಕು. ನನ್ನ ಮೇಲ್ಮನವಿ ಒಪ್ಪಲಿಲ್ಲ, ಈಗ ಕಾಯುತ್ತಿದ್ದೇನೆ. ಸೆಟಪ್‌ನವರು 'ಪಾಲಿಸಿ ನಮ್ಮ ಕೈಲಿಲ್ಲ' ಅಂದು ವಾಟ್ಸಾಪ್ ಗ್ರೂಪ್‌ನಿಂದ ತೆಗೆದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಲಾಗಿನ್ ಕದ್ದು ದುಡ್ಡು ಎಳೆದಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಆ ಅಲೋ ಬಟನ್ ವಿಷಯ. ಅವರನ್ನು ಮ್ಯಾನೇಜರ್ ಸ್ಥಾನದಿಂದ ತೆಗೆದೆ, ಪಾಸ್‌ವರ್ಡ್ ಬದಲಿಸಿದೆ, ಮುಗೀತು ಅಂದುಕೊಂಡೆ. ಮಾರನೇ ದಿನ ಚಾನೆಲ್‌ನಲ್ಲಿ ಮತ್ತೊಂದು ಶಾರ್ಟ್! ಮುಂದಿನ ಬಾಗಿಲಿಗೆ ಬೀಗ ಬದಲಿಸಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಗಿತ್ತು. ಯೂಟ್ಯೂಬ್ ಅನುಮತಿ ಒಂದು ಸಲ ಕೊಟ್ಟರೆ, ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಹೋಗಲ್ಲ. ಗೂಗಲ್ ಅಕೌಂಟ್‌ನ ಸೆಕ್ಯುರಿಟಿ ಪುಟಕ್ಕೆ ಹೋಗಿ, ಬೇರೆ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳ ಪಟ್ಟಿ ತೆಗೆದು, ಅಲ್ಲಿಂದ ಆ ಆ್ಯಪ್ಪನ್ನೇ ಕಿತ್ತುಹಾಕಬೇಕು. ಎಪಿಐ ಕೀಗಳನ್ನೂ ಒಂದೊಂದಾಗಿ ಅಳಿಸಿ ಹೊಸದು ಮಾಡಿ. ಯಾರ ಹತ್ತಿರವೂ ಸೆಟಪ್ ಮಾಡಿಸದವರೂ ಇವತ್ತೇ ಆ ಪಟ್ಟಿ ತೆಗೆದು ನೋಡಿ. ನನ್ನದರಲ್ಲಿ ಯಾವತ್ತೋ ಒಮ್ಮೆ ಥಂಬ್‌ನೇಲ್ ಮಾಡಲು ಬಳಸಿದ್ದ ಆ್ಯಪ್‌ಗೂ ವಿಡಿಯೋ ಅಳಿಸುವ ಅನುಮತಿ ಇತ್ತು.