ಹೊಸ ಬ್ರೌಸರ್‌ನಲ್ಲಿ ಲೈಬ್ರರಿ ಪರೀಕ್ಷೆ: ಜೆಎಸ್‌ಡಾಮ್, ಪ್ಲೇರೈಟ್, ಸೆಲೆನಿಯಂ

ಬಟನ್‌ಗಳ ಪಕ್ಕದಲ್ಲಿ ಟೂಲ್‌ಟಿಪ್ (ಚಿಕ್ಕ ವಿವರಣೆಯ ಪೆಟ್ಟಿಗೆ) ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿಯೊಂದು (ಸಿದ್ಧ ಕೋಡ್‌ನ ಸಂಗ್ರಹ) ಹೊಸ ಬ್ರೌಸರ್‌ಗಳಲ್ಲಿ ಸರಿಯಾಗಿ ನಡೆಯುತ್ತದೆಯೇ ಎಂದು ತಿಳಿಯಲು, ಒಂದೇ ಬಗೆಯ ಪರೀಕ್ಷೆಗಳನ್ನು ಜೆಎಸ್‌ಡಾಮ್, ಪ್ಲೇರೈಟ್, ಸೆಲೆನಿಯಂ ಎಂಬ ಮೂರು ಸಾಧನಗಳಲ್ಲೂ ಓಡಿಸಿ ನೋಡಿದೆ.

ವೇಗದಲ್ಲಿ ಜೆಎಸ್‌ಡಾಮ್‌ಗೆ ಸಾಟಿಯಿಲ್ಲ. ಆದರೆ ಅದು ಬ್ರೌಸರ್ ಅಲ್ಲ. ನೋಡ್ (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ತಂತ್ರಾಂಶ) ಒಳಗೆ ನಡೆಯುವ ಅದಕ್ಕೆ ಪುಟದ ವಿನ್ಯಾಸವನ್ನು ಲೆಕ್ಕಹಾಕಲು ಬಾರದು. ಟೂಲ್‌ಟಿಪ್ ಬಟನ್‌ಗಿಂತ ಕೆಳಗಿದೆಯೇ ಎಂದು ಕೇಳಿದರೆ ಎರಡರ ಅಳತೆಯನ್ನೂ ಸೊನ್ನೆ ಎಂದೇ ಕೊಡುತ್ತದೆ. ಸೊನ್ನೆಯು ಸೊನ್ನೆಗಿಂತ ಕಡಿಮೆಯಲ್ಲವಾದ್ದರಿಂದ ಪರೀಕ್ಷೆ ಪಾಸಾಗುತ್ತದೆ. ಇಂಥ ಪಾಸು ಫೇಲಿಗಿಂತಲೂ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್ ಬಳಕೆಗೆ ಹಿತವಾಗಿದೆ. ಒಂದೇ ಸ್ಕ್ರಿಪ್ಟ್ ಕ್ರೋಮಿಯಂ (ಕ್ರೋಮ್‌ನ ತಳಹದಿ), ಫೈರ್‌ಫಾಕ್ಸ್, ವೆಬ್‌ಕಿಟ್ (ಆಪಲ್‌ನ ಸಫಾರಿ ಬ್ರೌಸರ್‌ನ ಎಂಜಿನ್) ಮೂರರಲ್ಲೂ ನಡೆಯುತ್ತದೆ. ಬಟನ್ ಕಾಣಿಸಿಕೊಂಡು ಸ್ಥಿರವಾಗುವವರೆಗೆ ಕಾದು ತಾನೇ ಕ್ಲಿಕ್ ಮಾಡುತ್ತದೆ. ಆದರೂ ಅದರ ವೆಬ್‌ಕಿಟ್ ಸಫಾರಿಯೇ ಅಲ್ಲ, ಹಲವು ಬಾರಿ ಸಫಾರಿಗಿಂತ ಮುಂದಿರುತ್ತದೆ. ಈ ಲೈಬ್ರರಿಯ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಹುಡುಕುವ ಮಾದರಿ) ಲುಕ್‌ಬಿಹೈಂಡ್, ಅಂದರೆ ಹಿಂದೆ ಏನಿದೆ ಎಂದು ನೋಡುವ ಷರತ್ತು, ಇತ್ತು. ಸಫಾರಿಗೆ ಅದು ಬಂದದ್ದು 2023ರ ಮಾರ್ಚ್‌ನಲ್ಲಿ, 16.4ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಸಫಾರಿಗೆ ಇದು ವ್ಯಾಕರಣದೋಷವಾಗಿ ಕಾಣುವುದರಿಂದ ಆ ಒಂದು ಸಾಲಷ್ಟೇ ಅಲ್ಲ, ಇಡೀ ಫೈಲೇ ನಡೆಯುವುದಿಲ್ಲ. ಪ್ಲೇರೈಟ್‌ನ ಹೊಸ ವೆಬ್‌ಕಿಟ್‌ನಲ್ಲಿ ಮಾತ್ರ ಎಲ್ಲವೂ ಪಾಸು.

ಸೆಲೆನಿಯಂನಲ್ಲಿ ಕೆಲಸ ನಿಧಾನ. ಎಲ್ಲೆಲ್ಲಿ ಎಷ್ಟು ಕಾಯಬೇಕೆಂಬುದನ್ನು ನಾವೇ ಬರೆಯಬೇಕು. ಅದನ್ನು ಅಚ್ಚುಕಟ್ಟಾಗಿ ಬರೆಯದಿದ್ದರೆ ಒಮ್ಮೆ ಪಾಸಾದದ್ದು ಮತ್ತೊಮ್ಮೆ ಫೇಲಾಗುತ್ತದೆ. ಆದರೆ ಅದು ಬಳಸುವ ವೆಬ್‌ಡ್ರೈವರ್ (ಹೊರಗಿನಿಂದ ಬ್ರೌಸರ್ ನಡೆಸುವ ವಿಧಾನ) 2018ರಿಂದ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾನಕವಾಗಿರುವುದರಿಂದ, ತನ್ನದೇ ಡ್ರೈವರ್ ಒದಗಿಸುವ ಯಾವ ಬ್ರೌಸರನ್ನಾದರೂ, ಜನರ ಕೈಯಲ್ಲಿರುವ ಅದೇ ರೂಪದಲ್ಲಿ, ನಡೆಸಬಹುದು. ಲುಕ್‌ಬಿಹೈಂಡ್‌ನ ತೊಂದರೆ ಹಳೆಯ ಸಫಾರಿಯಲ್ಲಿ ಬಯಲಾದದ್ದು ಇದರಿಂದಲೇ. ಬ್ರೌಸರ್‌ನ ಹೆಸರು, ಆವೃತ್ತಿ ಓದಿ ನಿರ್ಧಾರ ಮಾಡುವ ಕೋಡ್‌ಗೂ (ಅಂಥ ಕೋಡ್ ಈಗಲೂ ಬಹಳಷ್ಟಿದೆ) ಈ ಪರೀಕ್ಷೆಯೇ ತಕ್ಕದ್ದು: 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ 100ನೇ ಆವೃತ್ತಿ ತಲುಪಿದಾಗ, ಎರಡೇ ಅಂಕಿ ಓದುವ ಕೋಡ್ ಅದನ್ನು 10 ಎಂದು ತಿಳಿಯುವ ಭಯವಿತ್ತು.

ದಿನನಿತ್ಯದ ಬದಲಾವಣೆಗಳಿಗೆ ನಾನು ಪ್ಲೇರೈಟನ್ನೇ ಆರಿಸುತ್ತೇನೆ. ಆದರೆ ಹೊಸ ಬ್ರೌಸರ್‌ನ ಹೆಸರನ್ನು ಲೈಬ್ರರಿಯ ಬೆಂಬಲ ಪಟ್ಟಿಗೆ ಸೇರಿಸುವ ಮುನ್ನ, ಎಷ್ಟೇ ತಡವಾದರೂ, ಸೆಲೆನಿಯಂ ಮೂಲಕ ಆ ಬ್ರೌಸರ್‌ನಲ್ಲೇ ಪರೀಕ್ಷೆ ಪಾಸಾಗಬೇಕು.