ಕಾರಿನೊಳಗೆ ಬೆಳಕಿನ ಉಂಗುರವೋ, ತಾಮ್ರದ ಜೋಡಿಯೋ?

ಹಳೆಯ ಐಷಾರಾಮಿ ಕಾರೊಂದು ಸ್ಕ್ರೀನ್ ಕಪ್ಪಾಗಿ, ಹಾಡೂ ನಿಂತು ನಮ್ಮ ಬೆಂಗಳೂರಿನ ಗ್ಯಾರೇಜಿಗೆ ಬಂದರೆ ನಾನು ಮೊದಲು ತಿಳಿದುಕೊಳ್ಳುವುದು ಒಳಗಿರುವ ಜಾಲ ಯಾವುದು ಎಂಬುದನ್ನು. ಮೋಸ್ಟ್ ಎಂಬ ಆಪ್ಟಿಕಲ್ ಫೈಬರ್ ಜಾಲವೋ, ತಾಮ್ರದ ಈಥರ್ನೆಟ್ಟೋ? ಎರಡನ್ನೂ ಬಿಚ್ಚಿ ಜೋಡಿಸಿದ್ದೇನೆ. ಎರಡರ ಸ್ವಭಾವವೂ ಬೇರೆ.

2001ರ ಬಿಎಂಡಬ್ಲ್ಯೂ 7 ಸರಣಿಯೊಂದಿಗೆ ರಸ್ತೆಗಿಳಿದ ಮೋಸ್ಟ್‌ನಲ್ಲಿ ದತ್ತಾಂಶ ಬೆಳಕಾಗಿ ಓಡುತ್ತದೆ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಅದರೊಳಗೆ ಕೆಂಪು ಎಲ್‌ಇಡಿ ಬೆಳಕು, ಸೆಕೆಂಡಿಗೆ ಸುಮಾರು 25 ಮೆಗಾಬಿಟ್ ವೇಗ. ಸ್ಕ್ರೀನ್, ಹಾಡುಗಳನ್ನೆಲ್ಲ ನಡೆಸುವ ಮುಖ್ಯ ಘಟಕವಾದ ಹೆಡ್ ಯೂನಿಟ್‌ನಿಂದ ಹೊರಟ ಬೆಳಕು ನ್ಯಾವಿಗೇಶನ್, ಟ್ಯೂನರ್, ಆಂಪ್ಲಿಫೈಯರ್‌ಗಳನ್ನು ಒಂದೊಂದಾಗಿ ಹಾದು ಮತ್ತೆ ಹೆಡ್ ಯೂನಿಟ್‌ಗೇ ಬರಬೇಕು. ನಡುವೆ ಒಂದು ಯೂನಿಟ್ ಸತ್ತರೂ ಎಲ್ಲವೂ ಸ್ತಬ್ಧ. ಮಳೆಗಾಲದಲ್ಲಿ ಡಿಕ್ಕಿಗೆ ನೀರು ನುಗ್ಗಿ ಆಂಪ್ಲಿಫೈಯರ್ ಹಾಳಾದರೆ ಮುಂದಿನ ಸ್ಕ್ರೀನೂ ಮಲಗುವುದು ಇದಕ್ಕೇ.

ಆದರೆ ಆ ದೋಷವನ್ನು ಹಿಡಿಯುವುದು ಎಷ್ಟು ಸಲೀಸು ನೋಡಿ! ಕನೆಕ್ಟರ್ ಕಳಚಿದರೆ ಫೈಬರ್ ತುದಿಯಲ್ಲಿ ಕೆಂಪು ಚುಕ್ಕೆ ಬರಿಗಣ್ಣಿಗೇ ಕಾಣುತ್ತದೆ. ಒಳಗೆ ಬೆಳಕು ಬರುತ್ತಿದೆ, ಆಚೆ ಹೋಗುತ್ತಿಲ್ಲ ಎಂದರೆ ಅನುಮಾನ ಆ ಯೂನಿಟ್‌ನ ಮೇಲೆ. ಅದರ ಜಾಗಕ್ಕೆ ಪುಟ್ಟ ಲೂಪ್ ಒಂದನ್ನು ಸಿಕ್ಕಿಸಿ, ಬಂದ ಬೆಳಕನ್ನು ಹಾಗೇ ಮುಂದಕ್ಕೆ ಕಳುಹಿಸುತ್ತೇನೆ. ಉಂಗುರ ಕೂಡಿಕೊಂಡು ಸ್ಕ್ರೀನ್ ಎದ್ದರೆ ಅನುಮಾನ ದೃಢವಾದಂತೆ.

ಫೈಬರ್ ನಾಜೂಕಿನ ಕೆಲಸ ಕೇಳುತ್ತದೆ. 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ. ಬೆರಳಿನ ಜಿಡ್ಡು ತುದಿಗೆ ತಾಗಬಾರದು. ಸಾಮಾನ್ಯ ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದರೆ ಮುಖ ಜಜ್ಜಿಹೋಗುತ್ತದೆ, ಅದಕ್ಕೆಂದೇ ಇರುವ ಕಟ್ಟರ್ ಬೇಕು. ಪ್ಲಾಸ್ಟಿಕ್ ಆದ್ದರಿಂದ ಎಂಜಿನ್‌ನ ಬಿಸಿಯನ್ನೂ ತಾಳದು.

ಈಥರ್ನೆಟ್ ಕಥೆ ಬೇರೆ. 2013ರ ಬಿಎಂಡಬ್ಲ್ಯೂ ಎಕ್ಸ್5ರಲ್ಲಿ ಸುತ್ತಲಿನ ಕ್ಯಾಮೆರಾಗಳಿಗೆ ಬಳಕೆಯಾಗಿ, 2015ರಲ್ಲಿ ಅಧಿಕೃತ ಮಾನಕವಾಯಿತು. ಹೆಣೆದ ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್, ಅದೂ ಎರಡೂ ದಿಕ್ಕಿಗೆ ಏಕಕಾಲದಲ್ಲಿ. ಪ್ರತಿ ಯೂನಿಟ್‌ನಿಂದ, ದತ್ತಾಂಶವನ್ನು ಹಂಚುವ ಸ್ವಿಚ್ ಎಂಬ ಪೆಟ್ಟಿಗೆಗೆ ಸ್ವಂತ ದಾರಿ ಇರುವುದರಿಂದ ಒಂದು ಕ್ಯಾಮೆರಾ ಕೈಕೊಟ್ಟರೆ ಹೋಗುವುದು ಆ ಕ್ಯಾಮೆರಾದ ಚಿತ್ರ ಮಾತ್ರ. ಮಾಲೀಕರಿಗೆ ಇದು ದೊಡ್ಡ ನೆಮ್ಮದಿ.

ರಿಪೇರಿ ಮಾಡುವವನಿಗೆ ಅಷ್ಟು ನೆಮ್ಮದಿಯಿಲ್ಲ. ತಂತಿ ತುಂಡಾಗಿದ್ದರೆ ಮಲ್ಟಿಮೀಟರ್ ಸಾಕು. ಆಗಾಗ ಮಾತ್ರ ಸಂಪರ್ಕ ತಪ್ಪುವ ದೋಷಕ್ಕೆ ಸಾಲದು. ಎರಡೂ ಕಡೆಯವು ಒಟ್ಟಿಗೇ ಮಾತನಾಡುವುದರಿಂದ ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ಹಿಡಿದರೆ ಕಾಣುವುದು ಒಂದರ ಮೇಲೊಂದು ಬಿದ್ದ ಅಲೆಗಳ ರಾಶಿ. ನಡುವೆ ಕೂರಿಸುವ ಬೇರೆ ಉಪಕರಣವೇ ಬೇಕು. ಬೆಸುಗೆ ಹಾಕುವಾಗ ಹೆಣಿಗೆಯನ್ನು ಅಗತ್ಯಕ್ಕಿಂತ ಉದ್ದ ಬಿಚ್ಚಿದರೆ ಹೊರಗಿನ ವಿದ್ಯುತ್ ಗದ್ದಲ ಒಳನುಗ್ಗುತ್ತದೆ. ಫೈಬರ್‌ಗೆ ಈ ಕಾಟವಿಲ್ಲ. ದಪ್ಪ ವಿದ್ಯುತ್ ಕೇಬಲ್‌ನ ಪಕ್ಕದಲ್ಲೇ ಅದನ್ನು ಹಾಯಿಸಬಹುದು.

ಎರಡರಲ್ಲಿ ಇವತ್ತು ಆರಿಸಿಕೋ ಎಂದರೆ ನಾನು ಈಥರ್ನೆಟ್ಟನ್ನೇ ಆರಿಸುತ್ತೇನೆ. ಆದರೂ "ಫೈಬರ್ ಎಂದರೆ ತಲೆನೋವು" ಎಂದು ಗ್ಯಾರೇಜುಗಳಲ್ಲಿ ಆಡುವ ಮಾತನ್ನು ನಾನು ಒಪ್ಪುವುದಿಲ್ಲ. ಕಾರನ್ನು ಪೂರ್ತಿ ಮೂಕವಾಗಿಸುವುದು ಉಂಗುರದ ವಿನ್ಯಾಸ. ಬೆಳಕು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. 2023ರಲ್ಲಿ ಬಂದ ವಾಹನಗಳ ಆಪ್ಟಿಕಲ್ ಈಥರ್ನೆಟ್ ಮಾನಕ ಇದನ್ನೇ ಸರಿಪಡಿಸಿದೆ: ಪ್ಲಾಸ್ಟಿಕ್ ಬದಲು ಗಾಜಿನ ಎಳೆ, ಉಂಗುರದ ಬದಲು ಎರಡು ಯೂನಿಟ್‌ಗಳ ನಡುವೆ ನೇರ ಸಂಪರ್ಕ, ಸೆಕೆಂಡಿಗೆ 50 ಗಿಗಾಬಿಟ್‌ವರೆಗೆ ವೇಗ. ಅದರ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಆದ್ದರಿಂದ, ಕೆಂಪು ಚುಕ್ಕೆ ನೋಡಿ ದೋಷ ಹಿಡಿಯುವ ನಮ್ಮಂಥವರು ಬೆಳಕಿನ ಬಲ ಅಳೆಯುವ ಆಪ್ಟಿಕಲ್ ಪವರ್ ಮೀಟರ್ ಹಿಡಿಯುವುದನ್ನು ಈಗಲೇ ರೂಢಿ ಮಾಡಿಕೊಳ್ಳಬೇಕು.