ಯುಗಾದಿಗೆ ಬೇಳೆ ಒಬ್ಬಟ್ಟೋ, ಕಾಯಿ ಒಬ್ಬಟ್ಟೋ?

ಎರಡಕ್ಕೂ ಕಣಕ ಒಂದೇ. ಮೈದಾ ಅಥವಾ ಚಿರೋಟಿ ರವೆ, ಚಿಟಿಕೆ ಅರಿಶಿನ, ಧಾರಾಳ ಎಣ್ಣೆ. ಎರಡು ಗಂಟೆಯಾದರೂ ನೆನೆಯಬೇಕು. ವ್ಯತ್ಯಾಸವೆಲ್ಲ ಹೂರಣದಲ್ಲಿ.

ಮನೆ ತುಂಬ ಜನ ಇದ್ದರೆ ಬೇಳೆಯದನ್ನೇ ಮಾಡಿ. ಮೈಸೂರು ಕಡೆ ಹೆಚ್ಚಾಗಿ ತೊಗರಿಬೇಳೆ, ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆ. ಬೇಳೆ ಬಸಿದ ಕಟ್ಟಿನಲ್ಲಿ ಒಬ್ಬಟ್ಟಿನ ಸಾರು ಆಗುತ್ತದೆ. ಅದಕ್ಕೆ ಸ್ವಲ್ಪ ಹೂರಣ ಕದಡಿದರೆ ರುಚಿ ಜಾಸ್ತಿ. ಮಾರನೇ ದಿನ ಆ ಸಾರು ಇನ್ನೂ ಚೆನ್ನ. ನನ್ನನ್ನು ಕೇಳಿದರೆ, ಒಬ್ಬಟ್ಟು ಮಾಡುವುದೇ ಸಾರಿಗೋಸ್ಕರ! ಆದರೆ ಬೇಳೆ ಕರಗುವಷ್ಟು ಬೆಂದರೆ ಹೂರಣ ತೆಳುವಾಗುತ್ತದೆ, ತಟ್ಟುವಾಗ ಕಣಕ ಹರಿಯುತ್ತದೆ. ಒತ್ತಿದರೆ ಹಿಸುಕುವಂತಿರಬೇಕು, ಆಕಾರ ಮಾತ್ರ ಕೆಟ್ಟಿರಬಾರದು. ಆಗಲೇ ಬಸಿಯಿರಿ.

ಕಾಯಿ ಒಬ್ಬಟ್ಟಿಗೆ ಬಸಿಯುವ ಗೋಜಿಲ್ಲ. ತೆಂಗಿನ ತುರಿ, ಬೆಲ್ಲ, ಏಲಕ್ಕಿ ರುಬ್ಬಿ, ಬಾಣಲೆಯಲ್ಲಿ ಗಟ್ಟಿಯಾಗುವ ತನಕ ಕೆದಕಿದರೆ ಮುಗಿಯಿತು. ಬೇಳೆಯದು ಯುಗಾದಿಯ ಸೆಕೆಗೆ ಬೇಗ ಹಳಸುತ್ತದೆ, ಇದು ಒಂದೆರಡು ದಿನ ಹೆಚ್ಚು ತಡೆಯುತ್ತದೆ. ಹಬ್ಬ ಮುಗಿಸಿ ಹೊರಡುವ ಮಕ್ಕಳ ಡಬ್ಬಿಗೆ ಇದೇ ಸರಿ. ಸಿಹಿ ಮಾತ್ರ ಜಾಸ್ತಿ, ಎರಡು ತಿಂದರೆ ಸಾಕೆನಿಸುತ್ತದೆ.

ಬೇಳೆಯದಕ್ಕೆ ತುಪ್ಪದ ಜೊತೆ ಹಾಲೂ ಇರಲಿ. ಕಾಯಿಯದಕ್ಕೆ ಬರೀ ತುಪ್ಪ ಸಾಕು.